ಓದುಗರ ಪ್ರಶ್ನೆ: ಮಾತಿನ ಬಲೂನಿನಲ್ಲಿ ಒಡೆಯುವ ಒತ್ತಕ್ಷರ

ಪ್ರಶ್ನೆ: ಬೆಂಗಳೂರಿಗೆ ಕಾವೇರಿ ನೀರು ಬರುವ ದಾರಿಯನ್ನು ಏಳನೇ ತರಗತಿಯ ಮಕ್ಕಳಿಂದ ಕಾಮಿಕ್ಸ್ ಮಾಡಿಸಬೇಕೆಂದಿದ್ದೇನೆ. ಆನ್‌ಲೈನ್ ಟೂಲ್ ಒಂದರಲ್ಲಿ ಕನ್ನಡ ಟೈಪಿಸಿದರೆ ಒತ್ತಕ್ಷರಗಳು ಒಡೆಯುತ್ತವೆ. ಮಕ್ಕಳು 40, ಕಂಪ್ಯೂಟರ್ 10. ಚಿತ್ರ ಬಾರದ ಮಕ್ಕಳಿಗೆ ಏನು ಮಾಡಲಿ?
– ಶಿಕ್ಷಕಿ, ಬಸವನಗುಡಿ

ಉತ್ತರ: ಸಿದ್ಧ ಗೊಂಬೆಗಳು ಎಷ್ಟಿವೆ ಎಂದು ನೋಡಿ ಟೂಲ್ ಆರಿಸಬೇಡಿ ಮೇಡಂ. ಮೊದಲು ‘ರಾಷ್ಟ್ರ, ವೈಶಿಷ್ಟ್ಯ, ಅರ್ಕಾವತಿ’ ಎಂದು ಟೈಪಿಸಿ, ಪಿಡಿಎಫ್ ಇಳಿಸಿಕೊಂಡು ನೋಡಿ. ತೆರೆಯ ಮೇಲೆ ಸರಿಯಿದ್ದದ್ದು ಪಿಡಿಎಫ್‌ನಲ್ಲಿ ಕೆಡುವುದುಂಟು. ಕಂಪ್ಯೂಟರ್ ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ಷ್ಟ್ರ’ ಎಂಬುದು ಬಿಡಿಬಿಡಿಯಾಗಿ ದಾಖಲಾಗುತ್ತದೆ, ಜೋಡಿಸಿ ತೋರಿಸುವುದು ತಂತ್ರಾಂಶದ ಕೆಲಸ. ಅದಕ್ಕೆ ಆ ಶಕ್ತಿಯೇ ಇಲ್ಲದಿದ್ದರೆ ಫಾಂಟ್ ಬದಲಿಸಿ ಫಲವಿಲ್ಲ, ಟೂಲನ್ನೇ ಬದಲಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫೈಲಿನ ಆಸ್ಕಿ (ಯೂನಿಕೋಡ್‌ಗಿಂತ ಹಿಂದಿನ ಪದ್ಧತಿ) ಪಠ್ಯವನ್ನು ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುವುದು ಬೇರೆ ರೋಗ. ಅದಕ್ಕೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಮದ್ದು.

ನಿಮಗೆ ಸ್ಲೈಡ್ ಮಾಡುವ ತಂತ್ರಾಂಶ ಲಿಬ್ರೆ ಆಫೀಸ್ ಇಂಪ್ರೆಸ್ ಸಾಕು. ಉಚಿತ, ಇಂಟರ್ನೆಟ್ ಬೇಡ, ಮಕ್ಕಳ ಹೆಸರಲ್ಲಿ ಖಾತೆ ತೆರೆಯುವ ತಲೆನೋವೂ ಇಲ್ಲ. ಟೂಲ್ಸ್‌ನ ಆಪ್ಷನ್ಸ್‌ಗೆ ಹೋಗಿ ಭಾಷಾ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಟಿಕ್ ಮಾಡಿ. ಸ್ಲೈಡನ್ನು ಉದ್ದುದ್ದ ಎ4 ಮಾಡಿ, ಸುತ್ತ 1 ಸೆಂ.ಮೀ. ಅಂಚು ಬಿಡಿ. ಕಡಿಮೆಯಾದರೆ ಪ್ರಿಂಟರ್ ಚೌಕದ ಗೆರೆಯನ್ನೇ ನುಂಗೀತು. ಬಲೂನಿಗೆ ‘ಕಾಲೌಟ್’ ಆಕಾರಗಳಿವೆ. ಮಾತನ್ನು ಆಕಾರದ ಒಳಗೇ ಟೈಪಿಸಿ. ಬೇರೆ ಪೆಟ್ಟಿಗೆಯಲ್ಲಿಟ್ಟರೆ ಬಲೂನು ಸರಿಸಿದಾಗ ಮಾತು ಹಿಂದೆಯೇ ಉಳಿಯುತ್ತದೆ. ಸಾಲು ಬಲೂನಿನಾಚೆ ಓಡಿದರೆ ಟೆಕ್ಸ್ಟ್ ಆಯ್ಕೆಗಳಲ್ಲಿ ‘ವರ್ಡ್ ವ್ರ್ಯಾಪ್’ ಟಿಕ್ ಆಗಿಲ್ಲವೆಂದೇ ಅರ್ಥ. ‘ಬಲೂ ತಮ್ಮ 2’ ಫಾಂಟ್ ದುಂಡಗಿದ್ದು ಕಾಮಿಕ್ಸ್‌ಗೆ ಒಪ್ಪುತ್ತದೆ. ಗಾತ್ರ 14 ಇರಲಿ. ಸಾಲಿನ ಅಂತರ ಬಿಗಿ ಮಾಡಬೇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತುಳಿಯುತ್ತದೆ. ಒಂದು ಬಲೂನಿಗೆ ಎಂಟು ಪದ ದಾಟದಿರಲಿ. ಮೊದಲು ಮಾತಾಡುವವರ ಬಲೂನು ಎಡಕ್ಕೆ, ಮೇಲಕ್ಕೆ.

ನಾಲ್ವರ ಹತ್ತು ಗುಂಪು ಮಾಡಿ. ಮೊದಲ ಪೀರಿಯಡ್ ಬರೀ ಕಾಗದದ ಮೇಲೆ, ಲ್ಯಾಬ್ ಬೀಗ ತೆಗೆಯುವುದೇ ಬೇಡ. ಚೌಕಗಳು ಆರು: ನದಿ, ತೊರೆಕಾಡನಹಳ್ಳಿ ಶುದ್ಧೀಕರಣ ಘಟಕ, ಹಾರೋಹಳ್ಳಿ ಪಂಪ್, ತಾತಗುಣಿ ಪಂಪ್, ನಗರದ ಜಲಾಗಾರ, ಮನೆಯ ನಲ್ಲಿ. ಮಕ್ಕಳು ನೀರು ಇಳಿದು ಬರುವಂತೆ ಬಿಡಿಸುವ ಸಂಭವವೇ ಹೆಚ್ಚು. ನಗರ ನದಿಗಿಂತ ಎತ್ತರದಲ್ಲಿದೆ, ಸುಮಾರು 100 ಕಿ.ಮೀ. ದೂರದಿಂದ ನೀರನ್ನು ಮೇಲೆತ್ತಿ ತರಬೇಕು. ತೊರೆಕಾಡನಹಳ್ಳಿಯಿಂದ ನಗರದ ಜಲಾಗಾರದವರೆಗೆ ಕೊಳವೆಯ ಗೆರೆ ಚೌಕದಿಂದ ಚೌಕಕ್ಕೆ ಏರುತ್ತಲೇ ಹೋಗಲಿ.

ಚಿತ್ರಗಳನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿ, ಕಿಟಕಿ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು ಸೇರಿಸಿ. ಪೆನ್ಸಿಲ್ ಗೆರೆ ಮಸುಕಾಗುತ್ತದೆ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಂಪ್ರೆಸ್’ ಕೊಡದಿದ್ದರೆ ಹಳೆಯ ಕಂಪ್ಯೂಟರ್ ತೆವಳತೊಡಗುತ್ತದೆ. ಚಿತ್ರ ಬಾರದವರು ಕಡ್ಡಿಗೊಂಬೆ ಬಿಡಿಸಲಿ. ಅಂಕ ಕೊಡುವುದಾದರೆ ನೀರಿನ ದಾರಿಯ ಕ್ರಮಕ್ಕೆ, ಮಾತಿನ ಚುರುಕಿಗೆ ಕೊಡಿ.