ಓದುಗರ ಪ್ರಶ್ನೆ: ದುಡಿಮೆಯೇ ಪೂಜೆ ಎಂದುಕೊಂಡರೆ ಸಾಕೆ?

ಪ್ರಶ್ನೆ: ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಿಗನಾಗಿದ್ದೇನೆ. ಸಂಜೆ ಮನೆಗೆ ಬಂದ ಮೇಲೆ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನೂ ನೋಡಿಕೊಡುತ್ತೇನೆ. ತಂದೆ ತಾಯಿ ಶಿಕಾರಿಪುರ ತಾಲ್ಲೂಕಿನ ನಮ್ಮೂರಿನಲ್ಲಿದ್ದಾರೆ. ಬೆಳಗಿನ ಇಷ್ಟಲಿಂಗ ಪೂಜೆ ತಪ್ಪಿಹೋಗಿದೆ; ಭೂಮಿ ಹುಣ್ಣಿಮೆಗೂ ಊರಿಗೆ ಹೋಗಲಾಗಲಿಲ್ಲ; ಪತ್ನಿಯೊಡನೆ ಆಡುವ ಮಾತು ಮಕ್ಕಳ ಫೀಸು, ಗ್ಯಾಸ್ ಸಿಲಿಂಡರುಗಳಲ್ಲೇ ಮುಗಿಯುತ್ತದೆ. ಗೆಳೆಯರು ‘ಕಾಯಕವೇ ಕೈಲಾಸ, ಚಿಂತೆ ಬಿಡು’ ಎನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರು ಅರ್ಧ ಕಥೆಯನ್ನು ಮಾತ್ರ ಹೇಳಿದ್ದಾರೆ. ಆ ಮಾತು 12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬರುತ್ತದೆ. ಕಾಯಕದಲ್ಲಿ ತೊಡಗಿದವನು ಲಿಂಗಪೂಜೆಯನ್ನೂ ಮರೆಯಬೇಕೆಂದು ಅವನು ಹೇಳಿದ್ದು ನಿಜ. ಆದರೆ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಅದೇ ಮಾರಯ್ಯ ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅವನ ಪತ್ನಿ ಲಕ್ಕಮ್ಮ ಇಷ್ಟೊಂದು ಆಸೆ ನಿಮಗೇಕೆಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದಳು. ಕಾಯಕಕ್ಕೆ ಅಳತೆಯಿತ್ತು, ಆ ಅಳತೆಯನ್ನು ಹೇಳುವ ಅಧಿಕಾರ ಹೆಂಡತಿಗೂ ಇತ್ತು. ಬಿಡುವಿಲ್ಲದ ದುಡಿಮೆಗೆ ಸಮರ್ಥನೆಯಾಗಿ ಮಾರಯ್ಯನನ್ನು ಕರೆತರುವವರು ಲಕ್ಕಮ್ಮನನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ!

ಆದ್ದರಿಂದ ಮೊದಲು ಸಂಜೆಯ ಲೆಕ್ಕಪತ್ರದ ಕೆಲಸವನ್ನು ಪತ್ನಿಯ ಮುಂದಿಡಿ. ಆ ಹಣ ಯಾವುದಕ್ಕೆ ಹೋಗುತ್ತಿದೆ, ಅದಿಲ್ಲದೆ ಏನು ನಿಲ್ಲುತ್ತದೆ ಎಂಬುದನ್ನು ಇಬ್ಬರೂ ಕುಳಿತು ನೋಡಿ. ತೀರಿಸಬೇಕಾದ ಸಾಲವಿದ್ದರೆ ಅದು ತೀರುವವರೆಗೆ ಎಂಬ ಗಡುವಿರಲಿ. ಕೇಳಿದವರಿಗೆ ಇಲ್ಲವೆನ್ನಲಾಗದೆ ಒಪ್ಪಿಕೊಂಡ ಅಂಗಡಿಗಳಾದರೆ ಒಂದೆರಡನ್ನು ಬಿಟ್ಟುಕೊಡಿ. ಮಾಸಿಕ ರಿಟರ್ನುಗಳ ಒತ್ತಡ ಸಾಮಾನ್ಯವಾಗಿ 11 ಮತ್ತು 20ನೆಯ ತಾರೀಖುಗಳದ್ದೆಂಬುದು ನಿಮಗೇ ಗೊತ್ತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ವ್ಯವಸ್ಥೆಯನ್ನು ಆಯ್ದುಕೊಳ್ಳಬಹುದು. ತೆರಿಗೆಯನ್ನು ತಿಂಗಳು ತಿಂಗಳು ಕಟ್ಟಬೇಕಾದರೂ ನಿಮ್ಮ ಹೊರೆ ಸ್ವಲ್ಪ ಇಳಿಯುತ್ತದೆ.

ಪೂಜೆಯ ವಿಷಯದಲ್ಲಿ ನೀವು ಕೊರಗುವುದು ಹೆಚ್ಚಾಯಿತು ಎನಿಸುತ್ತದೆ. ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಕಾಯಬೇಕಿಲ್ಲದಂತೆ ಲಿಂಗವನ್ನು ಅಂಗೈಗೇ ತಂದದ್ದು ಇಷ್ಟಲಿಂಗದ ಪದ್ಧತಿ. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಹತ್ತು ನಿಮಿಷ ಕುಳಿತರೂ ಆರಂಭವಾಗುತ್ತದೆ. ಪತ್ನಿಗೂ ಅಪೇಕ್ಷೆಯಿದ್ದರೆ ಜೊತೆಗೆ ಕೂರಲಿ. ಆದರೆ ಅವರು ಅಷ್ಟರಲ್ಲಿ ಒಬ್ಬರೇ ಮಕ್ಕಳ ಡಬ್ಬಿ ಕಟ್ಟುತ್ತಿದ್ದರೆ, ಮೊದಲು ಆ ಕೆಲಸದಲ್ಲಿ ಕೈಜೋಡಿಸಿ ಆಮೇಲೆ ಪೂಜೆಗೆ ಕುಳಿತುಕೊಳ್ಳಿ.

ಊರಿನ ಮಾತಿಗೆ ಬಂದರೆ, ಭೂಮಿ ಹುಣ್ಣಿಮೆ ತುಂಬು ಪೈರಿಗೆ ಸೀಮಂತ ಮಾಡುವ ಹಬ್ಬ. ನಸುಕಿನಲ್ಲಿ ಚರಗ ಬೀರಲು, ಅಂದರೆ ಭೂಮಿತಾಯಿಗೆ ಎಡೆಯಾಗಿ ಅಡುಗೆಯನ್ನು ಪೈರಿನ ಮೇಲೆ ಎರಚಲು, ಗದ್ದೆಗೆ ಹೋಗುವ ತಂದೆಯವರ ಜೊತೆ ಮಗನಿರಬೇಕಾದ ದಿನ. ಫೋನಿನಲ್ಲಿ ಶುಭಾಶಯ ಹೇಳಿದರೆ ಅದು ಆದಂತಾಗುವುದಿಲ್ಲ. ಆಶ್ವಯುಜ ಹುಣ್ಣಿಮೆ ಯಾವ ದಿನ ಬರುತ್ತದೆಂದು ಪಂಚಾಂಗದಲ್ಲಿ ಈಗಲೇ ನೋಡಿ, ರಜೆಗೆ ಮುಂಚಿತವಾಗಿ ಅರ್ಜಿ ಕೊಡಿ. ಹುಣ್ಣಿಮೆ 20ರ ಒಳಗೆ ಬಿದ್ದರೆ, ಆ ತಿಂಗಳ ಬಿಲ್ಲುಗಳನ್ನು ಮೊದಲ ವಾರದಲ್ಲೇ ತಲುಪಿಸುವಂತೆ ಅಂಗಡಿಯವರಿಗೆ ತಿಳಿಸಿಬಿಡಿ.