ಕಾಫಿ ಬೆಳೆಯುವ ಕೊಡಗಿನವರೂ ಬೆಂಗಳೂರಿಗೆ ಏಕೆ ಹೋಗುತ್ತಾರೆ?

ವಲಸೆ ಬಡ ಜಿಲ್ಲೆಗಳವರ ಪಾಡಲ್ಲವೇ, ಕಾಫಿ, ಕಾಳುಮೆಣಸು ಬೆಳೆಯುವ ಕೊಡಗಿನ ಹುಡುಗರೂ ಬೆಂಗಳೂರು ಸೇರುವುದೇಕೆ ಎಂದು ಕೇಳಿದ್ದೀರಿ. ಸಿದ್ದಾಪುರದ ಕಡೆ ಸಣ್ಣ ತೋಟ ಇರುವವನು ನಾನು. ನಮ್ಮಲ್ಲಿ ಬೆಳೆಯ ದುಡ್ಡಿದೆ, ತಿಂಗಳ ಸಂಬಳವಿಲ್ಲ.

ಆ ದುಡ್ಡೂ ವರ್ಷಕ್ಕೊಮ್ಮೆ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಸಕಾಲಕ್ಕೆ ಬಿದ್ದರೆ. ಎಂಜಿನಿಯರಿಂಗ್ ಓದಿದವನಿಗೆ ಮಡಿಕೇರಿಯಲ್ಲಿ ಏನು ಕೆಲಸವಿದೆ? ಹೋಂಸ್ಟೇ ನಡೆಸಬಹುದು, ಅದಕ್ಕೂ ಪೈಪೋಟಿ. ರೈಲಂತೂ ಜಿಲ್ಲೆಯೊಳಗೆ ಇನ್ನೂ ಬಂದಿಲ್ಲ. 2001ರಿಂದ 2011ರ ನಡುವೆ ಕೊಡಗಿನ ಜನಸಂಖ್ಯೆ ಹೆಚ್ಚಿದ್ದು ಶೇ 1ರಷ್ಟು. ಬೆಂಗಳೂರು ನಗರ ಜಿಲ್ಲೆಯದು ಸುಮಾರು ಶೇ 47.

ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹೇಳಿದ್ದು ಇದನ್ನೇ: ಜನ ಊರು ಬಿಡುವುದು ನಗರದಲ್ಲಿ ಈಗಲೇ ಕೆಲಸ ಸಿಗುತ್ತದೆಂದಲ್ಲ, ಅಲ್ಲಿನ ಸಂಬಳ ಎಷ್ಟು, ಅದು ಸಿಗುವ ಸಾಧ್ಯತೆ ಎಷ್ಟು ಎಂದು ಎರಡನ್ನೂ ತೂಗಿ ನೋಡಿ. ಆದರೆ ಅವಕಾಶಕ್ಕಾಗಿ ಕಾಯುವುದಕ್ಕೂ ಗಂಟಿರಬೇಕು. ತೋಟದ ಮನೆಯ ಹುಡುಗ ಆರು ತಿಂಗಳು ಪಿಜಿಯಲ್ಲಿ ಕೆಲಸವಿಲ್ಲದೆ ಕೂತರೂ ಮನೆಯಿಂದ ದುಡ್ಡು ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಮೊದಲು ಹೊರಡುವವರು ಇದ್ದವರೇ.

ಇಲ್ಲದವರ ಕಥೆ ಬೇರೆ. ಜನವರಿಯ ಸಂಜೆ ನಮ್ಮ ಕಡೆ ಬನ್ನಿ. ಕೊಯ್ದ ರೋಬಸ್ಟಾ ಹಣ್ಣಿನ ಚೀಲಗಳು ತಕ್ಕಡಿಯ ಮುಂದೆ ಸಾಲಾಗಿ ಕೂತಿರುತ್ತವೆ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಕಿಲೋ ಬರೆದುಕೊಳ್ಳುತ್ತಿರುತ್ತಾನೆ. ಕೂಲಿ ಆ ಕಿಲೋ ಲೆಕ್ಕದಲ್ಲೇ. ಚೀಲದ ಹಿಂದೆ ನಿಂತವರಲ್ಲಿ ಅಸ್ಸಾಂನಿಂದ ಬಂದವರಿದ್ದಾರೆ. ನಮ್ಮ ಮಕ್ಕಳು ಬಿಟ್ಟುಹೋದ ಜಿಲ್ಲೆಗೇ ಅವರು ಅಷ್ಟು ದೂರದಿಂದ ಬರುತ್ತಾರೆ. ಪಕ್ಕದಲ್ಲೇ ಇಲ್ಲಿನ ಆದಿವಾಸಿಗಳಾದ ಯರವರ ಕುಟುಂಬಗಳು. ಲೈನ್ ಮನೆಯಲ್ಲಿ, ಅಂದರೆ ತೋಟದಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವವರಿಗೆ ಕೆಲಸವೂ ಸೂರೂ ಒಬ್ಬನೇ ಮಾಲೀಕನದು. ಒಂದನ್ನು ಬಿಟ್ಟರೆ ಇನ್ನೊಂದೂ ಹೋಗುತ್ತದೆ. ನಗರದ ಬಾಡಿಗೆ ಮನೆಗೆ ಮುಂಗಡ ಕಟ್ಟುವ ಮಾತು ಎಲ್ಲಿಂದ ಬರಬೇಕು? ತೋಟದ ಮಾಲೀಕರಾದ ನಮಗೆ ಈ ವ್ಯವಸ್ಥೆ ಅನುಕೂಲವಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಮ್ಮ ಜಿಲ್ಲೆಯ ದಿಡ್ಡಳ್ಳಿಯ ಹೆಸರು ಕೇಳಿರಬಹುದು. ಲೈನ್ ಮನೆಗಳನ್ನು ಬಿಟ್ಟು ಬಂದು ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಿದರು. ದೊಡ್ಡ ಹೋರಾಟವಾದ ಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಪುನರ್ವಸತಿ ಸಿಕ್ಕಿತು. ಅವರು ಕೇಳಿದ್ದು ಬೆಂಗಳೂರನ್ನಲ್ಲ, ಸ್ವಂತ ಹೆಸರಿನಲ್ಲೊಂದು ನಿವೇಶನವನ್ನು. ಹಿಂದುಳಿದ ಜಿಲ್ಲೆ, ಮುಂದುವರಿದ ಜಿಲ್ಲೆ ಎಂದು ವಿಂಗಡಿಸುವ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ. ಒಂದೇ ತೋಟದ ಬೇಲಿಯೊಳಗೆ ಎರಡೂ ಇವೆ.