ಓದುಗರ ಪ್ರಶ್ನೆ: ರೆಕಾರ್ಡ್ ರೂಮ್ ಯಾರ ಕೆಲಸ?

ಪ್ರಶ್ನೆ: ತಾತನ ಜಮೀನಿನ ಹಳೇ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಪ್ರತಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದೇನೆ. ರೆಕಾರ್ಡ್ ರೂಮ್ ನೋಡಿಕೊಳ್ಳುವವರು ಚುನಾವಣೆ ಕೆಲಸಕ್ಕೆ ಹೋಗಿದ್ದಾರೆ ಅಂತ ವಾಪಸ್ ಕಳಿಸುತ್ತಾರೆ. ಅಲ್ಲಿ ಬೇರೆ ಯಾರೂ ಇರುವುದಿಲ್ವಾ? ಎಲ್ಲಾ ಸ್ಕ್ಯಾನ್ ಆದರೆ ಈ ತೊಂದರೆ ತಪ್ಪುತ್ತಾ?

ಉತ್ತರ: ಬಹಳ ಕಡೆ ಇದೇ ಕಥೆ. ಅಭಿಲೇಖಾಲಯದ, ಅಂದರೆ ರೆಕಾರ್ಡ್ ರೂಮಿನ ಹೊಣೆ ಸಾಮಾನ್ಯವಾಗಿ ಒಬ್ಬ ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರ ಮೇಲಿರುತ್ತದೆ, ಅವರ ಮೇಲೆ ಶಿರಸ್ತೇದಾರರು, ಕೊನೆಗೆ ತಹಶೀಲ್ದಾರರು. ಕಟ್ಟು ಇಳಿಸುವುದು, ಧೂಳು ಕೊಡವುವುದು, ಯಾವ ಹೋಬಳಿಯ ಕಡತ ಯಾವ ರ‍್ಯಾಕಿನಲ್ಲಿದೆ ಅಂತ ನೆನಪಿಟ್ಟುಕೊಳ್ಳುವುದು, ಇದೆಲ್ಲ ಗ್ರೂಪ್ ಡಿ ನೌಕರರದ್ದು. ನಿಜ ಹೇಳಬೇಕೆಂದರೆ ಎಷ್ಟೋ ಕಚೇರಿಗಳಲ್ಲಿ ಆ ಒಬ್ಬ ಅಟೆಂಡರ್ ನಿವೃತ್ತಿಯಾದ ದಿನವೇ ಅರ್ಧ ಅಭಿಲೇಖಾಲಯ ಕಳೆದುಹೋದ ಹಾಗೆ, ಯಾಕೆಂದರೆ ಸೂಚಿ ಇರುವುದು ಅವರ ತಲೆಯಲ್ಲಿ, ರಿಜಿಸ್ಟರಿನಲ್ಲಲ್ಲ.

ಸಹಾಯಕರನ್ನು ಬೈದು ಪ್ರಯೋಜನವಿಲ್ಲ. ಅವರು ಬರೆದು ಬಂದ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನ ಕೇಳಿರುತ್ತಾರೆ, ದಾಖಲೆ ಕಾಯುವ ವಿದ್ಯೆ ಅಲ್ಲ. ಯಾವ ಕಡತ ಎ ದರ್ಜೆಯದು ಅಂದರೆ ಶಾಶ್ವತವಾಗಿ ಉಳಿಯಬೇಕು, ಯಾವುದನ್ನು ಅವಧಿ ಮುಗಿದ ಮೇಲೆ ನಾಶ ಮಾಡಬಹುದು ಅಂತ ತೀರ್ಮಾನಿಸುವುದು ದೊಡ್ಡ ಜವಾಬ್ದಾರಿ. ಅದನ್ನು ಚುನಾವಣೆ, ಗಣತಿ, ಬರ ಪರಿಹಾರ ಅಂತ ಓಡಾಡುವವರ ತಲೆಗೆ ಕಟ್ಟಿದರೆ ಹೇಗೆ? ಪ್ರತಿ ತಾಲ್ಲೂಕಿಗೂ ಬೇರೆ ಕೆಲಸಕ್ಕೆ ಎಳೆಯಬಾರದಂಥ, ತರಬೇತಿ ಪಡೆದ ಒಬ್ಬರು ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ಕ್ಯಾನ್ ವಿಷಯ. 2000ದ ಹೊತ್ತಿಗೆ ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಅಭಿಲೇಖಾಲಯದ ಹಳೇ ಕಡತಗಳನ್ನೇ ಸ್ಕ್ಯಾನ್ ಮಾಡುತ್ತಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಆದರೆ ಪುಟದ ಚಿತ್ರ ತೆಗೆದರೆ ಸಾಲದು, ಊರು, ಸರ್ವೆ ನಂಬರ್, ವರ್ಷ ನೋಡಿ ಸರಿಯಾದ ಹೆಸರಿನಲ್ಲಿ ಸೇರಿಸಬೇಕು. ಬೆಳಗಾವಿ, ಧಾರವಾಡ ಕಡೆ ಹಳೇ ಕಾಗದ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿರುತ್ತದೆ, ಬೀದರ್, ಕಲಬುರಗಿಯಲ್ಲಿ ಉರ್ದು, ನಮ್ಮ ಕಡೆ ಶಾನುಭೋಗರು ಕೂಡಿಸಿ ಬರೆದ ಕನ್ನಡ ಅಕ್ಷರ. ಓದಬಲ್ಲವರು ಪಕ್ಕದಲ್ಲಿ ಇಲ್ಲದಿದ್ದರೆ ತಪ್ಪು ಹೆಸರಿನಲ್ಲಿ ಸೇರಿದ ಪುಟ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಸ್ಕ್ಯಾನ್ ಬಂದರೆ ಜನ ಕಡಿಮೆ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನೀವು ಸುಮ್ನೆ ಬಾಯಲ್ಲಿ ಕೇಳಬೇಡಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಅಂದಾಜು ವರ್ಷ ಬರೆದು ನಕಲು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಮ್ಯುಟೇಶನ್ ನಂಬರ್ ಹಳೇ ಕೈಬರಹದ ಪಹಣಿಯಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆಗಲೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. 2005ರ ಆ ಕಾಯ್ದೆಯ 4(1)(ಎ) ಕಲಂ ಪ್ರಕಾರ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡುವುದು ಕಚೇರಿಯ ಕರ್ತವ್ಯ. ನೋಡಿಕೊಳ್ಳುವವರು ಇಲ್ಲ ಅನ್ನುವುದು ಅದಕ್ಕೆ ಉತ್ತರವಲ್ಲ.

ಪ್ರಶ್ನೆ: ಮಗಳು ಇತಿಹಾಸದಲ್ಲಿ ಎಂ.ಎ. ಮಾಡಿದ್ದಾಳೆ, ಹಳೇ ಕಾಗದ ಅಂದರೆ ಪ್ರಾಣ. ಈ ಕಡೆ ಕೆಲಸ ಇದೆಯಾ?

ಉತ್ತರ: ಇದೆ, ಆದರೆ ಜಾಸ್ತಿ ಇಲ್ಲ. ರಾಜ್ಯ ಪತ್ರಾಗಾರ ಇಲಾಖೆ ಬೆಂಗಳೂರಿನಲ್ಲಿದೆ, ಮೈಸೂರು, ಧಾರವಾಡ, ಕಲಬುರಗಿಯಲ್ಲಿ ವಿಭಾಗೀಯ ಕಚೇರಿಗಳಿವೆ. ಅಲ್ಲಿ ಆರ್ಕಿವಿಸ್ಟ್ (ಹಳೇ ದಾಖಲೆ ಕಾಯುವ ತಜ್ಞರು), ಸಹಾಯಕ ಆರ್ಕಿವಿಸ್ಟ್ ತರಹದ ಹುದ್ದೆಗಳಿರುತ್ತವೆ. ನೇಮಕಾತಿ ಪ್ರಕಟಣೆ ಅಪರೂಪ, ಅದಕ್ಕೇ ಕಾಯುತ್ತಾ ಕೂರುವುದು ಬೇಡ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ, ಕಾಗದ ದುರಸ್ತಿ, ದಾಖಲೆ ನಿರ್ವಹಣೆಯ ಸಣ್ಣ ಕೋರ್ಸುಗಳೂ ಇವೆ. ಅದನ್ನು ಮಾಡಿದರೆ ವಿಶ್ವವಿದ್ಯಾಲಯ, ಮಠ, ಬ್ಯಾಂಕು, ಖಾಸಗಿ ಸಂಗ್ರಹಗಳ ಕಡೆಯೂ ಪ್ರಯತ್ನಿಸಬಹುದು. ಜೊತೆಗೆ ಮೋಡಿ ಓದುವುದನ್ನು ಈಗಲೇ ಕಲಿಯಲು ಹೇಳಿ. ಕಲಿತವರು ಕೈಬೆರಳೆಣಿಕೆಯಷ್ಟೇ ಇದ್ದಾರೆ, ಓದಬೇಕಾದ ಕಟ್ಟುಗಳು ರಾಶಿ ಬಿದ್ದಿವೆ.